ಮುನ್ನೂರ ಹನ್ನೆರಡು ಮನೆ, ಒಂದೊಂದು ತೂತು

ನಮ್ಮ ಅತ್ತಿಗೆಯನ್ನು ಓಣಿಯಲ್ಲಿ ಎಲ್ಲರೂ ಕರೆಯುವುದು ನೆಟ್ ಅಕ್ಕ ಎಂದು. ಹಲ್ಲಿಲ್ಲದ ಮುದುಕರೂ ಅಕ್ಕ ಎನ್ನುತ್ತಾರೆ, ಈಗಷ್ಟೇ ಮಾತು ಕಲಿತ ಮಕ್ಕಳೂ ಅಕ್ಕ ಎನ್ನುತ್ತವೆ. ಹೆಸರು ಕೇಳಿ ಅವಳೇನೋ ಕಂಪ್ಯೂಟರ್ ಓದಿದವಳು ಅಂದುಕೊಂಡೀರಿ. ಹಾಗೇನಿಲ್ಲ. ನಮ್ಮಲ್ಲಿ ನೆಟ್ ಎಂದರೆ ಸೊಳ್ಳೆಪರದೆ. ಫೋನಿಗೆ ಹಾಕಿಸುವುದನ್ನು ನಾವು ಪ್ಯಾಕ್ ಎನ್ನುತ್ತೇವೆ. ಒಂದು ಓಣಿಯ ಹಣೆಬರಹ ಇಷ್ಟು ಸಣ್ಣ ಮಾತಿನ ಮೇಲೆ ನಿಂತಿತ್ತು ಎಂದರೆ ನನಗೇ ಇನ್ನೂ ನಂಬಿಕೆ ಬರುವುದಿಲ್ಲ.

ನಾನು ಹತ್ತರವಳಿದ್ದಾಗ ಅವಳು ನಮ್ಮಣ್ಣನನ್ನು ಮದುವೆಯಾಗಿ ಬಂದಳು. ಅಣ್ಣ ಸರಕಿನ ಟೆಂಪೋ ಓಡಿಸುತ್ತಾನೆ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಹೀಗಾಗಿ ಜಗಳವಾಡುವುದಕ್ಕೂ ನಗುವುದಕ್ಕೂ ನಾವಿಬ್ಬರೇ. ಮೊದಮೊದಲು ಜಗಳವೇ ಹೆಚ್ಚು. "ಅತ್ತೆ ಇಲ್ಲದ ಮನೆ ಅಂತ ಖುಷಿಯಾಗಿ ಬಂದೆ, ಇಲ್ಲಿ ನೋಡಿದ್ರೆ ನಾದಿನಿಯೇ ಅತ್ತೆಯಾಗಿ ಕೂತಿದ್ದಾಳೆ" ಎಂದು ಅವಳು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಳು. ನನಗೆ ಜಡೆ ಹಾಕುತ್ತಾ, ಕೂದಲು ಎಳೆದು ಸೇಡು ತೀರಿಸಿಕೊಳ್ಳುತ್ತಿದ್ದಳು. ನಾನು ದೊಡ್ಡವಳಾಗಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಜಾ ಹೊಡೆಯುವ ಮೆಷಿನ್ನಿಗೆ ಸೇರುವ ಹೊತ್ತಿಗೆ ಅವಳು ಆರೋಗ್ಯ ಇಲಾಖೆಯಲ್ಲಿ ಮನೆಮನೆ ಕಾರ್ಯಕರ್ತೆಯಾಗಿದ್ದಳು. ಹೆಗಲಿಗೊಂದು ನೀಲಿ ಚೀಲ. ಅದರಲ್ಲಿ ಜ್ವರದ ಮಾತ್ರೆ, ಬೆರಳಿಗೆ ಚುಚ್ಚಿ ರಕ್ತ ತೆಗೆಯುವ ಸೂಜಿ, ಗಾಜಿನ ಪಟ್ಟಿಗಳು, ದಪ್ಪ ರಿಜಿಸ್ಟರು, ಇಲಾಖೆ ಕೊಟ್ಟ ಫೋನು. ಒಂಬತ್ತು ವರ್ಷ ಆ ಚೀಲ ಅವಳ ಹೆಗಲಿಂದ ಇಳಿದದ್ದು ಕಡಿಮೆ.

ನಮ್ಮ ಓಣಿ ದೊಡ್ಡ ಚರಂಡಿಗೂ ಗೋದಾಮಿನ ಹಿಂಗೋಡೆಗೂ ನಡುವಿನ ತಗ್ಗು. ಮುನ್ನೂರ ಹನ್ನೆರಡು ಮನೆ. ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಅವಳು ಕೆಲಸಕ್ಕೆ ಸೇರಿದ ವರ್ಷ ಇಲಾಖೆ ಮನೆಗೆ ಎರಡರಂತೆ ನೆಟ್ ಹಂಚಿತು. ಒಂದೇ ಕೋಣೆಯಲ್ಲಿ ಆರು ಜನ ಮಲಗಿದ ಮೇಲೆ ನೆಟ್ ಕಟ್ಟುವುದಾದರೂ ಎಲ್ಲಿ? ಆರೇ ತಿಂಗಳಲ್ಲಿ ಒಬ್ಬರ ಮನೆಯದು ಕೋಳಿಗೂಡಿಗೆ ಹೋಯಿತು, ಒಬ್ಬರದು ಗಿಡದ ಬೇಲಿಯಾಯಿತು, ಇನ್ನೊಬ್ಬರದು ಮಕ್ಕಳ ಫುಟ್‌ಬಾಲ್ ಆಟಕ್ಕೆ ಗೋಲಾಯಿತು. ಅಷ್ಟರಲ್ಲಿ ತಪಾಸಣೆಯವರು ಬಂದರು. ನೆಟ್ ಇಲ್ಲ ಎಂದ ಮನೆಗಳನ್ನೆಲ್ಲ ಪಟ್ಟಿ ಮಾಡಿ, ಬೇಜವಾಬ್ದಾರಿ ಜನ ಎಂದು ಷರಾ ಬರೆದು, ಆ ಮನೆಗಳಿಗೆ ಬರುತ್ತಿದ್ದ ಉಚಿತ ಮಾತ್ರೆಯನ್ನೇ ನಿಲ್ಲಿಸಿದರು. ಜ್ವರ ಬಂದವರಿಗೆ ಮಾತ್ರೆ ನಿಲ್ಲಿಸುವುದು! ಅತ್ತಿಗೆಗೆ ಪಿತ್ತ ನೆತ್ತಿಗೇರಿತು.

ಮರುವರ್ಷ ತಪಾಸಣೆಗೆ ಮೊದಲೇ ಅವಳು ಮನೆಮನೆಗೆ ಹೋಗಿ ಪಾಠ ಮಾಡಿದಳು.

"ಯಾರೇ ಬಂದು ಮನೇಲಿ ನೆಟ್ ಇದೆಯಾ ಅಂತ ಕೇಳಿದ್ರೂ ಇದೆ ಅನ್ನಿ. ಎಷ್ಟು ಅಂದ್ರೆ ಎರಡು. ಯಾವಾಗ ಬಳಸ್ತೀರಾ ಅಂದ್ರೆ ದಿನಾ ರಾತ್ರಿ. ಎಲ್ಲ ಸರಿಯಾಗಿದೆಯಾ ಅಂದ್ರೆ, ಒಂದು ಸಣ್ಣ ತೂತಿದೆ ಅನ್ನಿ."

"ತೂತು ಯಾಕಕ್ಕ?" ಎಂದು ಪಕ್ಕದ ಮನೆಯವಳು ಕೇಳಿದ್ದಳು.

"ಎಲ್ಲ ಚೆನ್ನಾಗಿದೆ ಅಂದ್ರೆ ಯಾರೂ ನಂಬಲ್ಲ ಕಣೇ. ಒಂದು ತೂತು ಹೇಳಿದ್ರೆ, ಪಾಪ ನಿಜ ಹೇಳ್ತಿದ್ದಾರೆ ಅನ್ಕೋತಾರೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಹಾಗೇ ಆಯಿತು. ಮಾತ್ರೆ ಮತ್ತೆ ಬಂತು. ಒಳಗೆ ಬಂದು ಬಗ್ಗಿ ನೋಡುವವರು ಯಾರೂ ಇರಲಿಲ್ಲ. ನಮ್ಮ ಬಾಗಿಲು ತಗ್ಗು, ತಪಾಸಣೆಯವರ ಬೆನ್ನು ನೆಟ್ಟಗೆ. ವರ್ಷಕ್ಕೊಮ್ಮೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಯಾರಾದರೂ ಬರುತ್ತಿದ್ದರು, ಓಣಿ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿತ್ತು, ಅತ್ತಿಗೆ ರಿಜಿಸ್ಟರಿನಲ್ಲಿ ಅದನ್ನೇ ಬರೆದುಕೊಳ್ಳುತ್ತಿದ್ದಳು. ನಮ್ಮತ್ತಿಗೆಯ ತಲೆಗೆ ಯಾರೂ ಸಮ ಇಲ್ಲ ಎಂದು ನಾನು ಕಾರ್ಖಾನೆಯಲ್ಲಿ ಹೇಳಿಕೊಂಡು ಮೆರೆಯುತ್ತಿದ್ದೆ.

ಎರಡು ವರ್ಷದ ಹಿಂದೆ ದೊಡ್ಡಾಸ್ಪತ್ರೆಯವರು ಟೋಕನ್ನುಗಳನ್ನು ಇಂಟರ್‌ನೆಟ್ಟಿಗೆ ಹಾಕಿದರು. ಬೆಳಿಗ್ಗೆ ಎಂಟಕ್ಕೆ ಶುರು, ನೂರು ಟೋಕನ್, ಹತ್ತು ನಿಮಿಷದಲ್ಲಿ ಖಾಲಿ. ಬಾಗಿಲಿಗೆ ಹೋಗಿ ಸಾಲು ನಿಲ್ಲುವ ಪದ್ಧತಿಯೇ ಹೋಯಿತು. ನಮ್ಮ ತಗ್ಗಿನಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿದರೆ ಒಂದು ಗೆರೆ ಬರುತ್ತದೆ, ಅದೂ ಮನಸ್ಸು ಬಂದರೆ. ಪುಟ ತೆರೆಯುವುದರೊಳಗೆ ತೊಂಬತ್ತು ಟೋಕನ್ ಹೋಗಿರುತ್ತವೆ. ಉಳಿದ ಹತ್ತರಲ್ಲಿ ಒಂದು ಸಿಕ್ಕರೂ, ಡಾಕ್ಟರು ಎಂಬತ್ತನೆಯವರನ್ನು ನೋಡಿ ಎದ್ದಿರುತ್ತಾರೆ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯವಳಿಗೆ ಆರು ತಿಂಗಳು ತುಂಬಿತ್ತು. ಹೊಟ್ಟೆಯಲ್ಲಿ ಮಗು ಅಲುಗಾಡುತ್ತಿಲ್ಲ ಎಂದಳು. ಮೂರು ದಿನ ಟೋಕನ್ ಸಿಗಲಿಲ್ಲ. ನಾಲ್ಕನೇ ದಿನ ಸಿಕ್ಕಾಗ ಹೊಟ್ಟೆಯಲ್ಲಿ ಜೀವ ಇರಲಿಲ್ಲ. ಆ ಮೂರು ದಿನವೂ ಅವಳ ಪರವಾಗಿ ಮೆಟ್ಟಿಲ ಮೇಲೆ ಫೋನ್ ಎತ್ತಿ ಹಿಡಿದು ನಿಂತವಳು ಅತ್ತಿಗೆ. ಅಲ್ಲಿಂದ ಇಳಿದು ಬಂದ ಮುಖವನ್ನು ನಾನು ಮರೆತಿಲ್ಲ.

ಅದಾದ ಮೇಲೆ ಅವಳು ಹಟಕ್ಕೆ ಬಿದ್ದಳು. ಬಡವರ ಬಡಾವಣೆಗಳಿಗೆ ಅಗ್ಗದ ದರದಲ್ಲಿ ಮನೆಮನೆಗೆ ಇಂಟರ್‌ನೆಟ್ ಲೈನ್ ಎಳೆಯುವ ಯೋಜನೆ ಬಂದಿದೆ ಎಂದು ಎಲ್ಲಿಯೋ ಕೇಳಿ, ತಾನೇ ಅರ್ಜಿ ಬರೆದು, ಮನೆಗೊಂದು ಸಹಿ ಹಾಕಿಸಿದಳು. "ಮನೆಗೇ ವೈಫೈ ಬರುತ್ತೆ, ಮಲಗಿದಲ್ಲೇ ಟೋಕನ್" ಎಂದು ಎಲ್ಲರಿಗೂ ಹೇಳಿದಳು. ಪಕ್ಕದ ಮನೆಯವಳು ಮತ್ತೆ ಗರ್ಭಿಣಿಯಾಗಿದ್ದಳು. ಈ ಸಲ ಹದಿನೈದು ದಿನಕ್ಕೊಮ್ಮೆ ತೋರಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆ ಲೈನಿನ ದಾರಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು.

ಆ ಯೋಜನೆಯ ಸಮೀಕ್ಷೆಯವನು ಬಂದದ್ದು ಅತ್ತಿಗೆ ತರಬೇತಿಗೆ ಹೋಗಿದ್ದ ದಿನ. ನನಗೆ ವಾರದ ರಜೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಹೊಸಿಲಾಚೆ ನಿಂತು ಒಳಗೆ ಕಣ್ಣೂ ಹಾಯಿಸದೆ ಕೇಳಿದ.

"ಮನೇಲಿ ನೆಟ್ ಇದೆಯಾ?"

"ಇದೆ."

"ಎಷ್ಟು?"

"ಎರಡು."

"ಯಾವಾಗ ಬಳಸ್ತೀರಾ?"

"ದಿನಾ ರಾತ್ರಿ."

"ತೊಂದರೆ ಏನಾದ್ರೂ?"

"ಒಂದು ಸಣ್ಣ ತೂತಿದೆ."

ಅವನು ಬರೆದುಕೊಂಡು ಮುಂದಿನ ಮನೆಗೆ ಹೋದ. ನಾನು ತಪಾಸಣೆಯವನನ್ನು ಸರಿಯಾಗಿ ನಿಭಾಯಿಸಿದೆ ಎಂದು ಬೀಗುತ್ತಾ ಬಟ್ಟೆ ಒಗೆಯಲು ಕುಳಿತೆ. ವೈಫೈ ಇದೆಯಾ ಎಂದು ಕೇಳಿದ್ದರೆ ತೊಟ್ಟಿಲ ಮಗುವೂ ಇಲ್ಲ ಎನ್ನುತ್ತಿತ್ತು. ಅವನು ಹಾಗೆ ಕೇಳಲಿಲ್ಲ. ಅತ್ತಿಗೆಗೂ ಇದನ್ನು ಹೇಳಲಿಲ್ಲ, ಹೇಳುವಂಥದ್ದು ಏನಿತ್ತು?

ಎರಡು ತಿಂಗಳ ಮೇಲೆ ಯೋಜನೆಯ ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದರು. ನಾವಿಬ್ಬರೂ ಹೋದೆವು. ನಮ್ಮ ಓಣಿಯ ಮುಂದೆ "ಸೌಲಭ್ಯ ಪೂರ್ಣ, ಲೈನ್ ಅಗತ್ಯವಿಲ್ಲ" ಎಂದು ಅಚ್ಚಾಗಿತ್ತು. ಅತ್ತಿಗೆ ಬೆರಳಿಟ್ಟು ಮೂರು ಸಲ ಓದಿದಳು. ಆಮೇಲೆ ನನ್ನ ಕೈ ಹಿಡಿದು ಎಳೆದುಕೊಂಡು ಸೀದಾ ಗುಮಾಸ್ತರ ಮೇಜಿನ ಮುಂದೆ ನಿಂತಳು.

"ಸರ್, ಇದು ತಪ್ಪಾಗಿದೆ. ನಮ್ಮಲ್ಲಿ ಒಂದು ಮನೇಲೂ ಇಲ್ಲ."

ಗುಮಾಸ್ತರು ಕನ್ನಡಕ ಏರಿಸಿ ಕಂಪ್ಯೂಟರ್ ನೋಡಿದರು. "ಏನಮ್ಮ ನೀವು, ಮನೆಗೆ ಎರಡೆರಡು ಇಟ್ಕೊಂಡು ನಮ್ಮ ಹತ್ರ ಬಂದಿದ್ದೀರಾ? ಮುನ್ನೂರ ಹನ್ನೆರಡು ಮನೆ, ಎಲ್ಲರ ಮನೇಲೂ ಇದೆ. ದಿನಾ ರಾತ್ರಿ ಬಳಸ್ತಾರೆ. ಸಣ್ಣ ತೊಂದರೆ ಇದೆ."

"ತೊಂದರೆ ಅಲ್ಲ ಸರ್, ತೂತು" ಎಂದು ನನ್ನ ಬಾಯಿಂದ ತಾನಾಗಿಯೇ ಬಂತು.

"ಹೌದಮ್ಮ, ತೂತು ಅಂತಾನೇ ಬರೆದಿದ್ದಾನೆ. ಕೇಬಲ್ಲಿಗೆ ತೂತು ಬಿದ್ದಿರಬೇಕು ಅನ್ಕೊಂಡ್ವಿ."

ಅಲ್ಲಿ ಬರೆದಿದ್ದುದು ನನ್ನ ಮಾತು, ನಾನೇ ಬಾಗಿಲಲ್ಲಿ ನಿಂತು ಬೀಗುತ್ತಾ ಹೇಳಿದ್ದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹೇಳಿದವಳು ನಾನು, ಕಟ್ಟಿದವರು ಇವರು. ಅತ್ತಿಗೆ ಪಕ್ಕದ ಬೆಂಚಿನ ಮೇಲೆ ಕುಸಿದಳು.

"ಇದು ನಾನು ಹೇಳಿಕೊಟ್ಟ ಪಾಠ ಕಣೇ" ಎಂದಳು, ನನಗೆ ಮಾತ್ರ ಕೇಳುವಂತೆ.

ನಾನು ಗುಮಾಸ್ತರಿಗೆ ಬಿಡಿಸಿ ಹೇಳಿದೆ, ನೆಟ್ ಎಂದರೆ ನಮ್ಮಲ್ಲಿ ಸೊಳ್ಳೆಪರದೆ ಎಂದು. ಅವರು ಮೊದಲು ನಕ್ಕರು. ಆಮೇಲೆ ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿದರು. ಕೆಟ್ಟ ಮನುಷ್ಯರಲ್ಲ. "ಹತ್ತು ಮನೆ ಮರುಪರಿಶೀಲನೆ ಮಾಡೋ ಅಧಿಕಾರ ನನಗಿದೆ, ಈಗಲೇ ಹೋಗೋಣ" ಎಂದು ಎದ್ದರು. "ಆದ್ರೆ ಫಾರಂನಲ್ಲಿ ಇರೋ ಪ್ರಶ್ನೆನೇ ಓದಬೇಕು, ಪದ ಬದಲಾಯಿಸೋ ಹಾಗಿಲ್ಲ. ನೀವೂ ಪಕ್ಕದಲ್ಲಿ ನಿಂತು ಹೇಳಿಕೊಡಬಾರದು."

ಮಧ್ಯಾಹ್ನದ ಬಿಸಿಲಲ್ಲಿ ಮೂವರೂ ಓಣಿಗೆ ಬಂದೆವು. ಮೊದಲ ಮನೆಯ ಬಾಗಿಲಲ್ಲಿ ಗುಮಾಸ್ತರು ಓದಿದರು: "ಮನೆಯಲ್ಲಿ ನೆಟ್ ಸೌಲಭ್ಯ ಇದೆಯೇ?" ಮನೆಯ ಮುದುಕ ಅವರ ಕೊರಳ ಚೀಟಿ ನೋಡಿದ, ಹಿಂದೆ ನಿಂತಿದ್ದ ಅತ್ತಿಗೆಯನ್ನು ನೋಡಿದ, "ಇದೆ. ಎರಡು" ಎಂದ. ಎರಡನೇ ಮನೆಯಲ್ಲೂ ಇದೆ. ಮೂರನೇ ಮನೆಯಲ್ಲೂ ಇದೆ. ಅತ್ತಿಗೆ ಕಣ್ಣಲ್ಲೇ ಬೇಡ ಬೇಡ ಎಂದಳು. ಅದನ್ನು ಕಂಡು ಮನೆಯವರು ಇನ್ನಷ್ಟು ಗಟ್ಟಿಯಾಗಿ ಹೇಳತೊಡಗಿದರು. ನಾಲ್ಕನೆಯದು ಪಕ್ಕದ ಮನೆ. ಅಲ್ಲಿ ಅತ್ತಿಗೆಗೆ ತಡೆಯಲಾಗಲಿಲ್ಲ.

"ಇಲ್ಲ ಅನ್ನೇ! ನಿನ್ನ ದಮ್ಮಯ್ಯ, ಇಲ್ಲ ಅನ್ನು!"

ಪಕ್ಕದ ಮನೆಯವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಅಯ್ಯೋ ಹೋಗಕ್ಕ, ನನ್ನನ್ನೇ ಪರೀಕ್ಷೆ ಮಾಡ್ತೀಯಾ? ನಿನ್ನ ಕೆಲಸ ಹೋಗೋ ಮಾತು ನಮ್ಮ ಬಾಯಲ್ಲಿ ಬರುತ್ತಾ? ಬರೆದುಕೊಳ್ಳಿ ಸರ್. ಎರಡಿದೆ. ಒಂದು ಸಣ್ಣ ತೂತಿದೆ."

ಅವಳಿಗಾಗಿಯೇ ಲೈನು ಬೇಕಿತ್ತು, ಅವಳೇ ನಗುನಗುತ್ತಾ ಬಾಗಿಲು ಹಾಕಿದಳು. ಇಷ್ಟು ಪ್ರೀತಿ ಇಷ್ಟು ಕೆಟ್ಟದ್ದನ್ನು ಮಾಡಬಲ್ಲದೇ ಎಂದು ನಾನು ಗರ ಬಡಿದವಳಂತೆ ನಿಂತುಬಿಟ್ಟೆ. ಗುಮಾಸ್ತರು ಪೆನ್ನಿಗೆ ಮುಚ್ಚಳ ಹಾಕಿದರು.

"ಕೆಲಸ ಹೋಗೋ ಮಾತು ಅಂದ್ರೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ಅತ್ತಿಗೆ ಅಲ್ಲೇ, ಓಣಿಯ ನಡುವೆ ನಿಂತು ಎಲ್ಲವನ್ನೂ ಹೇಳಿದಳು.

"ನೋಡಮ್ಮ," ಎಂದರು ಅವರು, "ತಪ್ಪು ತಿಳ್ಕೊಂಡ್ರು ಅಂತ ಬರೆದ್ರೆ ಮೇಲಿನವರು ಒಪ್ಪಲ್ಲ. ಎಲ್ಲರ ಮನೇಲೂ ಎರಡೇ, ಎಲ್ಲರ ಮನೇಲೂ ಒಂದೇ ತೂತು ಅಂದ್ರೆ ಇದು ಹೇಳಿಕೊಟ್ಟ ಮಾತು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಯಾರು ಹೇಳಿಕೊಟ್ರು, ಯಾಕೆ, ಎರಡನ್ನೂ ಬರೆದು ಸಹಿ ಹಾಕಿದ್ರೆ ಸಮೀಕ್ಷೆ ರದ್ದಾಗುತ್ತೆ. ಅದರ ಒಂದು ಪ್ರತಿ ನಿಮ್ಮ ಇಲಾಖೆಗೆ ಹೋಗುತ್ತೆ, ಅದನ್ನ ನಾನು ತಡೆಯಕ್ಕಾಗಲ್ಲ. ಪಟ್ಟಿಗೆ ಆಕ್ಷೇಪಣೆ ಕೊಡೋಕೆ ಇನ್ನು ನಾಲ್ಕು ದಿನ ಇದೆ, ಯೋಚನೆ ಮಾಡಿ."

ನಾಲ್ಕು ದಿನವೂ ನಾನು ಅವಳ ಜೊತೆ ಜಗಳವಾಡಿದೆ. ಊರ ಉಸಾಬರಿ ನಿನಗ್ಯಾಕೆ ಎಂದೆ. ಒಂಬತ್ತು ವರ್ಷ ಬಿಸಿಲಲ್ಲಿ ತಿರುಗಿದ್ದು ಮಣ್ಣಾಗುತ್ತದೆ ಎಂದೆ. ಮುಂದಿನ ಪಟ್ಟಿಗೆ ಮತ್ತೆ ಅರ್ಜಿ ಹಾಕೋಣ, ಎರಡು ವರ್ಷ ತಾನೇ ಎಂದೆ. ಅಣ್ಣ ಫೋನಿನಲ್ಲಿ "ಅವಳಿಗೆ ಸರಿ ಕಂಡಿದ್ದು ಮಾಡ್ಲಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಕೊನೆಯ ದಿನ ಅವಳು ಅಕ್ಕಿ ಡಬ್ಬದ ಮೇಲೆ ಹಾಳೆ ಇಟ್ಟುಕೊಂಡು ಬರೆಯಲು ಕುಳಿತಾಗ ನಾನು ಪೆನ್ನು ಕಿತ್ತುಕೊಂಡೆ.

"ಎರಡು ವರ್ಷ ಅಂತೀಯಲ್ಲ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ಆ ಮೂರು ದಿನ ನೀನು ಮೆಟ್ಟಿಲ ಮೇಲೆ ನಿಂತಿರಲಿಲ್ಲ ಕಣೇ."

ನಾನು ಪೆನ್ನು ಕೊಟ್ಟೆ. ಅವಳು ಬರೆದದ್ದು ಅರ್ಧ ಪುಟ. ಅದರ ಕೊನೆಯ ಸಾಲುಗಳು ನನಗೆ ಬಾಯಿಪಾಠ: "ನಮ್ಮ ಓಣಿಯ ಜನ ಮೋಸಗಾರರಲ್ಲ. ನಾನು ಹೇಳಿಕೊಟ್ಟದ್ದನ್ನು ನನ್ನ ಮೇಲಿನ ವಿಶ್ವಾಸಕ್ಕೆ ಹೇಳಿದ್ದಾರೆ. ಮಾತ್ರೆ ನಿಲ್ಲಿಸುತ್ತಾರೆಂಬ ಭಯಕ್ಕೆ ನಾನು ಹೇಳಿಕೊಟ್ಟೆ. ನಮ್ಮ ಮನೆಗಳಲ್ಲಿ ಆ ನೆಟ್ಟೂ ಇಲ್ಲ, ಈ ನೆಟ್ಟೂ ಇಲ್ಲ."

ಅವಳ ಇಲಾಖೆಯಿಂದ ಏಳು ವಾರ ಯಾವ ಸುದ್ದಿಯೂ ಬರಲಿಲ್ಲ. ಅವಳು ಎಂದಿನಂತೆ ಚೀಲ ಹಾಕಿಕೊಂಡು ತಿರುಗುತ್ತಿದ್ದಳು. ನೋಡಿದೆಯಾ, ಯಾರೂ ಓದಿಯೇ ಇಲ್ಲ, ಕಾಗದ ಕಸದ ಬುಟ್ಟಿ ಸೇರಿದೆ ಎಂದು ನಾನು ಧೈರ್ಯ ಹೇಳಿದೆ. ಈ ಕಡೆ ಸಮೀಕ್ಷೆ ರದ್ದಾಯಿತು, ಹೊಸ ಪಟ್ಟಿಯಲ್ಲಿ ನಮ್ಮ ಓಣಿ ಸೇರಿತು, ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್ ಬಂತು. ಲೈನಿನವನು ಏಣಿ ಹಿಡಿದುಕೊಂಡು ಯಾರ ಮನೆಗೆ ಮೊದಲು ಎಂದು ಕೇಳಿದ್ದೇ ತಡ, "ನೆಟ್ ಅಕ್ಕನ ಮನೆಗೆ" ಎಂದು ಹತ್ತು ಬಾಯಿ ಕೂಗಿದವು.

ಒಂದು ಭಾನುವಾರದ ಬೆಳಿಗ್ಗೆ. ಬಾಗಿಲ ತುಂಬ ಜನ. ಪಕ್ಕದ ಮನೆಯವಳು ಏಳು ತಿಂಗಳ ಹೊಟ್ಟೆ ಹೊತ್ತು ನಮ್ಮ ಒಂದೇ ಕುರ್ಚಿಯಲ್ಲಿ ಕುಳಿತಿದ್ದಳು. ಲೈನಿನವನು ಗೋಡೆಗೆ ಬಿಳಿ ಡಬ್ಬಿ ಬಿಗಿದು, ಹಸಿರು ದೀಪ ಹತ್ತಿದ ಕೂಡಲೇ ಅತ್ತಿಗೆಯ ಫೋನಿಗೆ ಜೋಡಿಸಿ ಕೊಟ್ಟ. ಟಣ್ ಟಣ್ ಎಂದು ಒಂದರ ಹಿಂದೊಂದು ಬರತೊಡಗಿದವು. ಟ್ಯಾಂಕಿನ ಮೆಟ್ಟಿಲ ಮೇಲೆ ದಿನಗಟ್ಟಲೆ ಚಕ್ರ ಸುತ್ತುತ್ತಾ ತೆರೆಯದೇ ಉಳಿದಿದ್ದ ಚಿತ್ರಗಳು, ಕಾಗದಗಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಏನೇನು ಬಂತು ಓದೇ" ಎಂದರು ಯಾರೋ. ನಾನು ಫೋನು ಕಿತ್ತುಕೊಂಡು, ಇಲಾಖೆಯ ಮುದ್ರೆ ಇದ್ದ ಒಂದು ಕಾಗದ ತೆರೆದು, ನಾಟಕದವರಂತೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ.

"ತಾವೇ ಬರೆದುಕೊಟ್ಟ ಹೇಳಿಕೆಯ ಆಧಾರದ ಮೇಲೆ, ತಮ್ಮನ್ನು ಈ ದಿನದಿಂದಲೇ ಸೇವೆಯಿಂದ…"

ನಾಲಿಗೆ ಅಲ್ಲಿಗೇ ನಿಂತಿತು. ಆದರೆ ಎಲ್ಲರೂ ಕೇಳಿಯಾಗಿತ್ತು. ತಟ್ಟಲು ಎತ್ತಿದ ಕೈಗಳು ಹಾಗೇ ಉಳಿದವು. ಪಕ್ಕದ ಮನೆಯವಳು ಕುರ್ಚಿಯಿಂದ ಎದ್ದು ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಿಗೆ ನನ್ನ ಕೈಯಿಂದ ಫೋನು ತೆಗೆದುಕೊಂಡು ಉಳಿದದ್ದನ್ನು ತಾನೇ ಓದಿಕೊಂಡಳು. ಚೀಲ, ರಿಜಿಸ್ಟರು, ಫೋನು ಹಿಂದಿರುಗಿಸಬೇಕಂತೆ. ಆಮೇಲೆ ಅವಳು ಮೇಲಿನ ಮೂಲೆಯ ತಾರೀಖು ನೋಡಿದಳು.

"ಇದು ಹನ್ನೊಂದು ದಿನದ ಹಿಂದಿನದು" ಎಂದಳು. "ಹನ್ನೊಂದು ದಿನದಿಂದ ನನಗೆ ಕೆಲಸವೇ ಇಲ್ಲ. ನಿನ್ನೆ ಕೊನೇ ಮನೆ ಅಜ್ಜಿಗೆ ಜ್ವರ ಅಂತ ಮಾತ್ರೆ ಕೊಟ್ಟು ಬಂದೆನಲ್ಲೇ."

ನನಗೆ ತಲೆ ಕೆಟ್ಟುಹೋಯಿತು. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ; ಇಲಾಖೆಯ ಮೇಲೆ, ಆ ಟ್ಯಾಬಿನವನ ಮೇಲೆ, ಬಾಗಿಲಲ್ಲಿ ನಿಂತು ಬೀಗಿದ ನನ್ನ ಮೇಲೆ. ಸಿಕ್ಕಿದ್ದು ಮಾತ್ರ ಗೋಡೆಯ ಬಿಳಿ ಡಬ್ಬಿ. ನುಗ್ಗಿ ಹೋಗಿ ಅದರ ತಂತಿಗೆ ಕೈ ಹಾಕಿದೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದಳು. ಜಡೆ ಹಾಕುವಾಗ ಕೂದಲು ಹಿಡಿಯುತ್ತಿದ್ದಷ್ಟೇ ಬಿಗಿ.

"ಕೀಳಬೇಡ. ನಾಳೆ ಎಂಟಕ್ಕೆ ಇವಳಿಗೆ ಟೋಕನ್ ತಗೋಬೇಕು."

ಮರುದಿನ ಎಂಟಕ್ಕೆ ಅವಳು ಅಣ್ಣನ ಹಳೆಯ ಫೋನು ಹಿಡಿದು ನಮ್ಮ ಮನೆಯ ಚಾಪೆಯ ಮೇಲೆ ಕುಳಿತಳು. ಎಂಟು ಗಂಟೆ ಒಂದು ನಿಮಿಷಕ್ಕೆ ಟೋಕನ್ ಬಂತು. ನಂಬರ್ ಮೂರು. ನಮ್ಮ ಓಣಿಯವರು ಒಂದಂಕಿಯ ಟೋಕನ್ ಕಂಡದ್ದು ಅದೇ ಮೊದಲು. ಪಕ್ಕದ ಮನೆಯವಳು ಅದನ್ನು ನೋಡಿ ಅತ್ತಿಗೆಯ ಹೆಗಲಿಗೆ ಹಣೆ ಒತ್ತಿ ಅಳತೊಡಗಿದಳು. ಅತ್ತಿಗೆ ಅವಳನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿಸಿದಳು. ತಾನೂ ಜೊತೆಗೆ ಬಾಗಿಲು ದಾಟುವಾಗ ಅಭ್ಯಾಸಬಲದಿಂದ ಅತ್ತಿಗೆಯ ಕೈ ಮೊಳೆಯ ಮೇಲಿನ ನೀಲಿ ಚೀಲಕ್ಕೆ ಹೋಯಿತು, ಮುಟ್ಟಿತು, ಬರಿಗೈಯಲ್ಲಿ ಕೆಳಗಿಳಿಯಿತು.